ನಾಲ್ಕನೆಯ ಕಂತಿನ ಹಳದಿ ನೀರು

2006ರ ನನ್ನ ದಿನಚರಿಯಲ್ಲಿ ಒಂದು ಪುಟವಿದೆ. ಈಗ ಓದಿದರೂ ಮೈ ಉರಿಯುತ್ತದೆ. "ಶುಕ್ರವಾರ. ನಾಲ್ಕನೆಯ ಕಂತು. ತಲೆ 62. ತೊಳೆದ ನೀರು ತುಸು ಹಳದಿ." ಇಷ್ಟೇ. ಯಾಕೆ ಹಳದಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ.

ಆಗ ನಾನು ಕಾರವಾರದ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದೆ. ನಮ್ಮ ಜೀವಕೋಶಗಳ ಮೇಲ್ಮೈಯಲ್ಲಿ ಗ್ರಾಹಕಗಳಿರುತ್ತವೆ. ದೇಹದೊಳಗೇ ತಯಾರಾದ ವಸ್ತುವೊಂದು ಬಂದು ಅಂಟಿಕೊಂಡಾಗ ಕೋಶ ಎಚ್ಚರಗೊಳ್ಳುತ್ತದೆ. ಕೆಲವು ಗ್ರಾಹಕಗಳಿಗೆ ಅಂಟುವ ವಸ್ತು ಯಾವುದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಹೊಸ ಔಷಧಕ್ಕೆ ದಾರಿಯಾಗುತ್ತದೆ. ಅಂಥ ಒಂದು ಗ್ರಾಹಕವನ್ನು ಪುಣೆಯ ಔಷಧ ಕಂಪನಿಯೊಂದು ಹಿಡಿದು ಕೂತಿತ್ತು. ಅದಕ್ಕೆ ಅಂಟುವ ವಸ್ತು ಬೊಂಡಾಸ ಮೀನಿನ, ಅಂದರೆ ಸ್ಕ್ವಿಡ್ಡಿನ, ಮಿದುಳಿನಲ್ಲಿರಬಹುದು ಎಂದು ಪ್ರಯೋಗಾಲಯದ ಮುಖ್ಯಸ್ಥರಾಗಿದ್ದ ನಮ್ಮ ಸರ್ ಆ ಕಂಪನಿಗೆ ಬರೆದು ಒಪ್ಪಿಸಿದ್ದರು.

ನನ್ನ ಮನೆ ಅವರ್ಸಾದಲ್ಲಿ. ಬೆಳಿಗ್ಗೆ ಪಕ್ಕದ ಹಾರವಾಡಕ್ಕೆ ಹೋಗಿ, ಮೀನು ಹೆಚ್ಚುವ ಅಕ್ಕನೊಬ್ಬಳು ಎತ್ತಿಟ್ಟ ಬೊಂಡಾಸದ ತಲೆಗಳನ್ನು ಐಸ್ ಡಬ್ಬಿಯಲ್ಲಿ ತುಂಬಿಕೊಂಡು ಕಾರವಾರದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ಅವನ್ನು ಅರೆದು, ಆಮ್ಲ ಬೆರೆಸಿದ ಮದ್ಯಸಾರದಲ್ಲಿ ಸಾರ ತೆಗೆದು, ಬೇರೆ ಬೇರೆ ಕೊಳವೆಗಳಿಗೆ ವಿಂಗಡಿಸಿ ಪುಣೆಗೆ ಕಳಿಸುವುದು ನನ್ನ ಕೆಲಸ. ಅಲ್ಲಿ ಆ ಗ್ರಾಹಕವಿರುವ ಕೋಶಗಳ ಮೇಲೆ ಹನಿಸುತ್ತಿದ್ದರು. ಕೋಶ ಎಚ್ಚರಗೊಂಡರೆ ಯಂತ್ರದ ಬೆಳಕಿನಲ್ಲಿ ಹಸಿರಾಗಿ ಹೊಳೆಯಬೇಕು.

ನಾಲ್ಕನೆಯ ಕಂತು ಹೊಳೆಯಿತು. ಸರ್ ಎಲ್ಲರಿಗೂ ಪೇಡೆ ಹಂಚಿದರು. ಕಂಪನಿ ಪೇಟೆಂಟಿನ ಕಾಗದಗಳಿಗೆ ತಯಾರಿ ನಡೆಸಿತು. ನಾನು ದಿನಚರಿಯಲ್ಲಿ ಲೆಕ್ಕ ಹಾಕಿದೆ: ಕಳಿಸಿದ್ದು ಆರು ಕಂತು, ಹೊಳೆದದ್ದು ಒಂದೇ. ಅದೇ ಮೀನು, ಅದೇ ಕೈ, ಅದೇ ವಿಧಾನ. ಆಮೇಲೆ ಆ ಹಳದಿ ನೀರಿನ ಸಾಲು ಕಣ್ಣಿಗೆ ಬಿತ್ತು.

ಪುಟವನ್ನು ಸರ್ ಮುಂದೆ ಹಿಡಿದೆ.

"ಪಿತ್ತ ಒಡ್ದಿರ್ಬೇಕು" ಎಂದರು, ತಲೆ ಎತ್ತದೆ.

"ತಲೆಯಲ್ಲಿ ಪಿತ್ತ ಎಲ್ಲಿಂದ ಬರ್ಬೇಕು ಸರ್?"

"ಹುಡ್ಗಿ, ಕಂಪನಿಯವ್ರು ಖುಷಿಯಲ್ಲಿದ್ರು. ನೀ ಎಂತಕ್ಕೆ ಕಲ್ಲು ಹಾಕೂಕೆ ಹೊಂಟೆ? ಬರ್ಕೊಳ್ಳೂದು ನಿನ್ನ ಕೆಲ್ಸ, ಯೋಚ್ನೆ ಮಾಡೂದು ನಂದು."

ಗ್ರಾಹಕವೇ ಇಲ್ಲದ ಬರಿಯ ಕೋಶಗಳ ಮೇಲೂ ಅದೇ ಸಾರವನ್ನು ಹನಿಸಿ ನೋಡಿದ್ದಾರಾ ಎಂದು ಕೇಳಿದೆ. ಅಲ್ಲೂ ಹೊಳೆದರೆ ಆ ಹೊಳಪು ಗ್ರಾಹಕದಿಂದ ಬಂದದ್ದಲ್ಲ ಎಂದರ್ಥ. ಪುಣೆಯಿಂದ ಬಂದ ಹಾಳೆಯಲ್ಲಿ ಆ ಅಂಕಣ ಖಾಲಿಯಿತ್ತು. ಅವಸರದಲ್ಲಿ ಬಿಟ್ಟಿದ್ದರು. ಸರ್ ಹಾಳೆಯನ್ನು ಮಡಚಿ ಡ್ರಾಯರಿಗೆ ಹಾಕಿದರು.

ಮರುದಿನ ನಾನು ಆ ಶುಕ್ರವಾರದ ಹಳದಿ ನೀರಿನ ಬಗ್ಗೆ ಅಕ್ಕನನ್ನೇ ಕೇಳಿದೆ.

"ಹೌದಲ್ಲ ತಂಗಿ, ಆ ದಿನ ಐಸ್ ಕರ್ಗ್ ಹೋಗಿತ್ತು. ನೀ ಬಪ್ಪೂಕೆ ತಡ ಆಯ್ತು. ಮೀನು ಹಾಳಾಗ್ತದೆ ಹೇಳಿ ಅರ್ಶಿಣ-ಉಪ್ಪು ತಿಕ್ಕಿಟ್ಟೆ. ಕಾಲೇಜಿಗೆ ಹೋಗೂದು ಹೇಳಿ ಮತ್ತೆ ಚೊಕ್ಕ ತೊಳ್ದೇ ಕೊಟ್ಟದ್ದು."

ನಮ್ಮ ಕಡೆ ಮೀನನ್ನು ಸ್ವಲ್ಪ ಹೊತ್ತು ಇಡಬೇಕೆಂದರೆ ಎಲ್ಲರೂ ಮಾಡುವುದು ಅದನ್ನೇ. ನನ್ನ ಅವ್ವನೂ ಮಾಡುತ್ತಾಳೆ. ಅರಿಶಿಣ ಮದ್ಯಸಾರದಲ್ಲಿ ಕರಗುತ್ತದೆ, ಆ ಯಂತ್ರದ ಬೆಳಕಿನಲ್ಲಿ ತಾನೇ ಹಸಿರಾಗಿ ಹೊಳೆಯುತ್ತದೆ. ಕೋಶಗಳು ಎಚ್ಚರಗೊಂಡೇ ಇರಲಿಲ್ಲ.

ಏಳನೆಯ ಕಂತಿನಲ್ಲಿ ನಾನು ಎರಡು ಕೊಳವೆ ಹೆಚ್ಚಿಗೆ ಸೇರಿಸಿದೆ, ಬರಿಯ ಸಂಖ್ಯೆ ಬರೆದು. ಒಂದರಲ್ಲಿ ತಾಜಾ ಬೊಂಡಾಸದ ಸಾರ, ಇನ್ನೊಂದರಲ್ಲಿ ಮೀನೇ ಇಲ್ಲದ ಅರಿಶಿಣದ ಸಾರ. ಹನ್ನೊಂದು ದಿನಕ್ಕೆ ಉತ್ತರ ಬಂತು. ಮೀನಿನದು ಸುಮ್ಮನಿತ್ತು. ಅರಿಶಿಣದ್ದು ಎಲ್ಲಕ್ಕಿಂತ ಜೋರಾಗಿ ಹೊಳೆದಿತ್ತು.

ಎರಡನೆಯ ಕೊಳವೆಯಲ್ಲಿ ಏನಿತ್ತೆಂದು ಸರ್‌ಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. ಕಂಪನಿಗೆ ತಿಳಿಸದೆ ಗತಿಯಿರಲಿಲ್ಲ. ಅವರು ಬರೆಸಿದ ಪತ್ರದಲ್ಲಿ "ಮೀನು ಒದಗಿಸುವ ಮಹಿಳೆಯ ಅಜಾಗರೂಕತೆಯಿಂದ" ಎಂದಿತ್ತು.

"ಅವ್ಳಿಗೆ ಏನೂ ಹಚ್ಬೇಡ ಹೇಳಿ ನಾವು ಒಂದಿನಾದ್ರೂ ಹೇಳಿದ್ವಾ ಸರ್?"

"ಅವ್ಳಿಗೆ ಈ ಪತ್ರ ಓದೂಕೆ ಬರ್ತದಾ? ಸಹಿ ಮಾಡು."

ನಾನು ಮಾಡಲಿಲ್ಲ. ಖಾಲಿ ಬಿಟ್ಟ ಅಂಕಣದ ವಿಷಯ ಬರೆದರೆ ಮಾತ್ರ ಮಾಡುತ್ತೇನೆ ಎಂದೆ. ಪತ್ರ ಅವರೊಬ್ಬರ ಸಹಿಯಲ್ಲೇ ಹೋಯಿತು. ಆ ಮಾತು ಹಾಗೇ ಉಳಿಯಿತು. ಈಗಲೂ ಪುಣೆಯ ಯಾವುದೋ ಕಡತದಲ್ಲಿ ಅವಳು ಅಜಾಗರೂಕ ಹೆಂಗಸು.

ಎಂಟನೆಯ ಕಂತಿಗೆ ಹೋದಾಗ ಅಕ್ಕನಿಗೆ ಎಲ್ಲ ಹೇಳಿದೆ. ಬರಿಯ ಐಸ್ ಸಾಕು, ಬೇರೆ ಏನೂ ತಾಗಿಸಬೇಡ ಎಂದೆ. ಅವಳು ಕತ್ತಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು.

"ಇಷ್ಟ್ ಹೇಳೂಕೆ ನಿಂಗೆ ನಾಕ್ ತಿಂಗ್ಳು ಬೇಕಾಯ್ತಾ? ಓದ್ದವ್ರು ನೀವು. ನಂಗೆ ಮೊದ್ಲೇ ಹೇಳಿದ್ರೆ ಐಸ್ ಇಲ್ದ ದಿನ ತಲೆ ನಾಯಿಗೆ ಹಾಕ್ತಿದ್ದೆ."

ಅವಳು ಬೈದದ್ದು ನ್ಯಾಯವಾಗಿತ್ತು. ತಲೆಗಳನ್ನು ಎಣಿಸಿ ಡಬ್ಬಿಗೆ ಹಾಕಿಕೊಂಡೆ. ಐವತ್ತೆಂಟು.