ಕಡಲೆಕಾಳಿನಷ್ಟು ಗಡ್ಡೆ ಹುಡುಕಿಸಿದ ಡಾಕ್ಟರಮ್ಮ

ನಮ್ಮ ಕೂಡ್ಲಿಗಿಯ ಡಾಕ್ಟರಮ್ಮನ ತುರುಬಿನಲ್ಲಿ ಯಾವಾಗಲೂ ಎರಡು ಪೆನ್ನು ಸಿಕ್ಕಿಸಿರುತ್ತಿದ್ದವು. ಮೂರನೆಯದಕ್ಕೆ ಮೇಜೆಲ್ಲ ತಡಕಾಡುತ್ತಿದ್ದರು. ರೋಗಿಗಳು ನಕ್ಕರೆ ಅವರೂ ನಗುತ್ತಿದ್ದರು.

ಎರಡು ಸಾವಿರದ ಐದರ ಸುಮಾರು. ಕೊಟ್ಟೂರು ಮೇಲೆ ಹರಪನಹಳ್ಳಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ನಾನು ಕಂಡಕ್ಟರ್. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಕೈ ನಡುಗಿ, ಮೈ ಬೆವತು, ಬಾಯಿಗೆ ಬಂದದ್ದು ಮಾತಾಡುತ್ತಿದ್ದೆ. ಆಮೇಲೆ ಒಂದೂ ನೆನಪಿರುತ್ತಿರಲಿಲ್ಲ. "ಹೊತ್ತು ಮೂಡೋದ್ರಾಗ ಕುಡ್ದು ಬರ್ತಾನ" ಎಂದು ಮಾಲೀಕರು ಕೆಲಸ ಬಿಡಿಸಿದರು. ಹೆಂಡತಿಗೂ ಒಳಗೊಳಗೆ ಅನುಮಾನ.

ಒಂದು ಬೆಳಗ್ಗೆ, ತೊದಲುತ್ತಿದ್ದ ನನ್ನನ್ನು ಅವಳೇ ಆಟೋದಲ್ಲಿ ಡಾಕ್ಟರಮ್ಮನ ಬಳಿ ಒಯ್ದಳು. ಅವರು ಬೆರಳು ಚುಚ್ಚಿ ನೋಡಿದರು. ರಕ್ತದಲ್ಲಿ ಸಕ್ಕರೆ ತಳ ಕಂಡಿತ್ತು. ಗ್ಲೂಕೋಸ್ ಏರಿಸಿದ ಕೆಲವೇ ನಿಮಿಷಕ್ಕೆ ನಾನು ಎದ್ದು ಕೂತೆ.

"ಮೇದೋಜೀರಕ ಗ್ರಂಥಿಯಾಗ ಗಡ್ಡಿ ಇರಬೇಕು. ಬ್ಯಾಡಂದ್ರೂ ಇನ್ಸುಲಿನ್ ಸುರೀತೈತಿ, ಬೆಳಿಗ್ಗೆ ಖಾಲಿ ಹೊಟ್ಟ್ಯಾಗ ಸಕ್ಕರಿ ಇಳಿದು ಹೋಗ್ತೈತಿ. ಅಪರೂಪದ್ದು, ಆದ್ರ ವಾಸಿ ಆಗ್ತೈತಿ" ಎಂದರು.

ಮುಂದಿನ ರಕ್ತಪರೀಕ್ಷೆ ಅವರ ಮಾತನ್ನೇ ಹೇಳಿತು. ಆದರೆ ದಾವಣಗೆರೆಯಲ್ಲಿ ಮಾಡಿಸಿದ ಸಿ.ಟಿ. ಸ್ಕ್ಯಾನಿನಲ್ಲಿ ಗಡ್ಡೆ ಕಾಣಲಿಲ್ಲ. ನನ್ನ ಭಾವ, "ಬೆಂಗಳೂರಾಗ ಮೈಯೆಲ್ಲಾ ತೋರ್ಸೋ ದೊಡ್ಡ ಸ್ಕ್ಯಾನ್ ಐತಂತ್ರಿ, ಅದಕ್ಕ ಬರ್ದು ಕೊಡ್ರಿ" ಎಂದರು.

"ಸ್ಕ್ಯಾನ್ ದೊಡ್ಡದಂದ ಮಾತ್ರಕ್ಕ ಎಲ್ಲಾ ಕಾಣಂಗಿಲ್ರಿ. ಬ್ಯಾರೆ ಹಾರ್ಮೋನ್ ಗಡ್ಡಿಗೆ ಅದು ಚಲೋ. ಈ ಇನ್ಸುಲಿನ್ ಗಡ್ಡಿ ಬಾಳ ಸರ್ತಿ ಅದಕ್ಕ ಸಿಗಂಗಿಲ್ಲ. ಕಡ್ಲಿಕಾಳಿನಷ್ಟು ಇರ್ತೈತಿ. ಬಾಯಿಂದ ಹೊಟ್ಟಿಯೊಳಗ ಕೊಳವಿ ಇಳಿಸಿ, ಹತ್ರದಿಂದ ನೋಡಬೇಕು."

ಹೊಟ್ಟೆಯೊಳಗಿನಿಂದ ಮಾಡುವ ಆ ಅಲ್ಟ್ರಾಸೌಂಡ್ ಎಲ್ಲಿದೆ ಎಂದು ಎರಡು ದಿನ ಫೋನಿನಲ್ಲಿ ವಿಚಾರಿಸಿ ಬೆಂಗಳೂರಿಗೆ ಕಳಿಸಿದರು. ಗಡ್ಡೆ ಗ್ರಂಥಿಯ ತುದಿಯಲ್ಲಿ ಕೂತಿತ್ತು. ಆಪರೇಷನ್ ಮಾಡಿ ತೆಗೆದರು. ಹೆಂಡತಿ ಫೋನ್ ಮಾಡಿದರೆ ಡಾಕ್ಟರಮ್ಮ, "ಸಿಕ್ತಾ? ಎಷ್ಟಿತ್ತು?" ಎಂದು ಹುಡುಗಿಯ ಹಾಗೆ ಕೇಳಿದರಂತೆ.

ಅವರ ಚೀಟಿ ನೋಡಿ ಮಾಲೀಕರು ಮತ್ತೆ ಕೆಲಸ ಕೊಟ್ಟರು. ಮೊದಲ ದಿನ ಬೆಳಗಿನ ಟ್ರಿಪ್ಪಿಗೆ ಡಾಕ್ಟರಮ್ಮ ಟಿಕೆಟ್ ತೆಗೆಸಿ ಮುಂದಿನ ಸೀಟಿನಲ್ಲಿ ಕೂತಿದ್ದರು. ಕೊಟ್ಟೂರಿನಲ್ಲಿ ಬಸ್ಸು ನಿಂತಾಗ ನನ್ನ ಬೆರಳು ಚುಚ್ಚಿ, ಯಂತ್ರ ನೋಡಿ, ಎದ್ದು ನಿಂತರು.

"ಕೇಳ್ರಿ ಎಲ್ಲಾರೂ. ನಿಮ್ಮ ಕಂಡಕ್ಟರ್ ಖಾಲಿ ಹೊಟ್ಟೀಲೆ ಬಂದಾರ, ಸಕ್ಕರಿ ಸರಿ ಐತಿ. ಇವ್ರು ಯಾವತ್ತೂ ಕುಡ್ದು ಬಂದಿಲ್ಲ. ಜಡ್ಡಿತ್ತು, ಹೋತು."

ಹಿಂದಿನಿಂದ ಒಬ್ಬ ಅಜ್ಜಿ, "ಹಂಗಾರ ಅವತ್ತು ನನ್ನ ಬೈದಿದ್ದು ಜಡ್ಡೇನಪಾ?" ಅಂದಳು. ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಡಾಕ್ಟರಮ್ಮ.

ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ನನ್ನ ಜೀವ ಉಳಿಸಿದವರು ಅವರೇ. ಆದರೂ ಜನರ ಮುಂದೆ ಎದ್ದು ನಿಂತು ಆಡಿದ ಆ ನಾಲ್ಕು ಮಾತಿಗೆ ನಾನು ಇನ್ನೂ ಹೆಚ್ಚು ಋಣಿ.