ಎಲ್ಲಾರಿಗೂ ಪಸಂದ ಬಂದಿಲ್ಲ

ರಾಯಬಾಗದವರು ನನ್ನನ್ನು ನೋಡಿ ಹೋದ ಮರುದಿನ ಐನಾಪುರದಿಂದ ಕಾಕಾನ ಫೋನು ಬಂತು. ಅಪ್ಪನ ಈ ತಮ್ಮನೇ ಆ ಸಂಬಂಧ ತಂದದ್ದು. ಅಪ್ಪ ಸ್ಪೀಕರ್ ಹಾಕಿದ. ಆ ಕಡೆಯಿಂದ ಒಂದೇ ಮಾತು: "ಅಣ್ಣಾ, ಹುಡುಗಿ ಎಲ್ಲಾರಿಗೂ ಪಸಂದ ಬಂದಿಲ್ಲರಿ." ಅಷ್ಟಕ್ಕೇ ಲೈನು ಕಟ್ಟಾಯಿತು. ನಮ್ಮೂರು ಶೇಡಬಾಳದ ನೆಟ್‌ವರ್ಕಿಗೆ ಯಾವಾಗ ಕೈಕೊಡಬೇಕೆಂದು ಚೆನ್ನಾಗಿ ಗೊತ್ತು.

ಅಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. ಒಬ್ಬರಿಗೂ ಹಿಡಿಸಲಿಲ್ಲವಂತೆ ಅಂದ. ಗಾಡಿ ತುಂಬ ಬಂದು, ಉಳ್ಳಾಗಡ್ಡಿಯಿಲ್ಲದ ನಮ್ಮ ಅವಲಕ್ಕಿಯನ್ನು ಕೇಳಿ ಕೇಳಿ ಹಾಕಿಸಿಕೊಂಡವರಲ್ಲಿ ಒಬ್ಬರಿಗೂ! ಅವ್ವ ಅವಲಕ್ಕಿಗಾಗಿಯೇ ಹೆಚ್ಚು ನೊಂದಂತೆ ಕಂಡಳು. ನನಗೆ ನಿಜವಾಗಿ ದುಃಖವಾಯಿತು. ಹುಡುಗ ನನಗೆ ಹಿಡಿಸಿದ್ದ. ಚಹಾ ಕೊಡುವಾಗ ನನ್ನ ಕೈಯಲ್ಲಿ ಕಪ್ಪು-ಬಸಿ ಗಡಗಡ ಅಂದದ್ದಕ್ಕೆ ಅವನು ನಕ್ಕಿದ್ದ. ಆ ಒಂದು ನಗುವಿನ ಮೇಲೆ ನಾನಾಗಲೇ ಸಂಸಾರ ಹೂಡಿದ್ದೆ.

ಆಯಿ, ಅಂದರೆ ಅಪ್ಪನ ತಾಯಿ, ಜಪಮಾಲೆ ಬದಿಗಿಟ್ಟಳು. "ಲೇ, ಎಲ್ಲಾರಿಗೂ ಬಂದಿಲ್ಲ ಅಂದಾನ. ಯಾರಿಗೂ ಬಂದಿಲ್ಲ ಅಂದಾನೇನು? ಯಾವಾಕಿನೋ ಒಬ್ಬಾಕಿ ಮೂಗ ಮುರದಿರಬೇಕು. ಉಳದವರಿಗೆಲ್ಲಾ ಬಂದೈತಿ."

ಮನೆಗೆ ಜೀವ ಬಂತು. ಮೂಗು ಮುರಿದವಳು ಅತ್ತೆಯೋ ನಾದಿನಿಯೋ ಎಂದು ಚರ್ಚೆ ನಡೆದು, ಹುಡುಗನ ದಪ್ಪ ಬಳೆಯ ಸೋದರತ್ತೆಯೇ ಎಂದು ತೀರ್ಮಾನವಾಯಿತು. ಒಂದು ಇರಕಲ್ ಸೀರೆ ಉಡಿಸಿದರೆ ದಾರಿಗೆ ಬರುತ್ತಾಳೆ ಅಂದಳು ಅವ್ವ. ನಾನು ಮನಸ್ಸಿನಲ್ಲೇ ಸೀರೆಯ ಬಣ್ಣವನ್ನೂ ಆರಿಸಿದೆ.

ಅಷ್ಟರಲ್ಲಿ ಮತ್ತೆ ಫೋನು. "ಯಾರಿಗೆ ಪಸಂದ ಬಂದಿಲ್ಲಪಾ?" ಅಪ್ಪ ಕೇಳಿದ.

"ಒಬ್ಬಂವಗ ಅಷ್ಟ ರೀ," ಅಂದ ಕಾಕಾ. "ಹುಡುಗಗ."

ಆಯಿಯ ವ್ಯಾಕರಣ ಗೆದ್ದಿತು. ಅಪ್ಪನ ಅರ್ಥವೇ ನಿಜವಾಗಿದ್ದರೆ ನನಗೆ ಇಷ್ಟು ಉರಿಯುತ್ತಿರಲಿಲ್ಲ.

"ಮತ್ತ ನಿಮ್ಮ ಕಡೆಯವರು ಏನಂತಾರ? ರಾಯಬಾಗದವರ ಮುಂದ ಏನರೆ ಹೇಳಬೇಕಲ್ರಿ," ಎಂದ ಕಾಕಾ. ನಾನು ಫೋನು ಕಸಿದುಕೊಂಡೆ. ಮಾತು ನೆಟ್ಟಗೇ ಬಂತು.

"ಕಾಕಾ, ಹುಡುಗ ನಮಗೂ ಎಲ್ಲಾರಿಗೂ ಪಸಂದ ಬಂದಿಲ್ಲ ಅಂತ ಹೇಳ್ರಿ."

ಸುಳ್ಳಲ್ಲ. ಆ ಹೊತ್ತಿಗೆ ಒಬ್ಬಳಿಗೆ ಬಂದಿರಲಿಲ್ಲ. ಯಾವ ಒಬ್ಬಳಿಗೆ ಎಂದು ರಾಯಬಾಗದವರೂ ಕುಳಿತು ಚರ್ಚೆ ಮಾಡಲಿ. ಬೇಕಾದರೆ ಸೀರೆಯ ಬಣ್ಣವನ್ನೂ ಆರಿಸಲಿ.