ಕ್ಲಿಯರ್ ಅಂದ್ರ ಕ್ಲಿಯರ್

ಕೊಂಡಾಪುರದ ಫ್ಲ್ಯಾಟಿನಲ್ಲಿ ನನ್ನ ಭಾವ ಆಡುವ ಆಟಕ್ಕೆ ಆ ಭಾನುವಾರ ಅವನ ಮೇಲೆ ಸಂಶಯ ಬಂದಿತ್ತು. ಅದು ಆನ್‌ಲೈನಿನಲ್ಲಿ ಗುಂಡು ಹಾರಿಸುವ ಆಟ. ಹೊಸ ಅಪ್‌ಡೇಟ್ ಆದ ಮೇಲೆ ತೆರೆಯಲು ಒಪ್ಪಲಿಲ್ಲ. ಕಂಪ್ಯೂಟರಿನ ಬಯಾಸ್‌ಗೆ, ಅಂದರೆ ಯಂತ್ರ ಪೂರ್ತಿ ಎಚ್ಚರವಾಗುವ ಮೊದಲೇ ಓಡುವ ಒಳತಂತ್ರಾಂಶಕ್ಕೆ, ಹೋಗಿ ಸೆಕ್ಯೂರ್ ಬೂಟ್ ಎಂಬ ಕಾವಲು ವ್ಯವಸ್ಥೆ ಆನ್ ಮಾಡಿ, ಭದ್ರತಾ ಚಿಪ್ ಸರಿಯಿದೆಯೇ ನೋಡಿಕೊಂಡು ಬನ್ನಿ ಎಂದಿತು. ಮೋಸದ ಆಟಗಾರರನ್ನು ತಡೆಯಲು ಈ ಏರ್ಪಾಡಂತೆ. ಸುಳ್ಳು ಬಂದೂಕಿನ ಆಟವೊಂದು ಮನೆಯ ಯಂತ್ರದ ಬುಡಕ್ಕೇ ಕೈಹಾಕುವುದು ಭಾವನಿಗೆ ವಿಚಿತ್ರವೆನಿಸಲಿಲ್ಲ. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಆನ್ ಮಾಡಿ ಎಂದರೆ ಖಾಸಗಿತನದ ಬಗ್ಗೆ ಭಾಷಣ ಬಿಗಿಯುವವನು ಇವನೇ.

ಅದೇ ಯಂತ್ರದಲ್ಲಿ ಅಕ್ಕನ ರೆಕಾರ್ಡಿಂಗ್‌ಗಳಿದ್ದವು. ಅಲ್ಲೇ ಹತ್ತಿರದ ಮಣಿಕೊಂಡದಲ್ಲಿ ಒಂದು ಅಪಾರ್ಟ್‌ಮೆಂಟ್ ಏಳುತ್ತಿದ್ದಾಗ, ಕೂಲಿಗೆ ಬಂದಿದ್ದ ರಾಯಚೂರು, ಯಾದಗಿರಿ ಕಡೆಯ ಹೆಂಗಸರು ಊಟದ ಹೊತ್ತಿನಲ್ಲಿ ಆಡಿದ ಮಾತನ್ನೆಲ್ಲ ಅವಳು ಹಿಡಿದಿಟ್ಟಿದ್ದಳು. ಅವರ ಕನ್ನಡದೊಳಗೆ ತೆಲುಗು, ಹಿಂದಿ ಹೇಗೆ ಬಂದು ಕೂರುತ್ತವೆ ಎಂಬುದೇ ಅವಳ ಸಂಶೋಧನೆ. ಕಟ್ಟಡ ಮುಗಿದಿತ್ತು, ಹೆಂಗಸರು ಚದುರಿದ್ದರು. ಇನ್ನೊಂದು ಪ್ರತಿ ಇಡಲು ಅವಳು ತಂದಿದ್ದ ಡಿಸ್ಕನ್ನು ಭಾವ ಅಳಿಸಿ ಆಟಕ್ಕೆ ಎತ್ತಿಕೊಂಡಿದ್ದ.

"ರೀ, ಅದರಾಗ ನನ್ನ ಹೆಣ್ಮಕ್ಕಳ ಮಾತು ಅದಾವ್ರಿ. ಮುಟ್ಟಬ್ಯಾಡ್ರಿ," ಎಂದಳು ಅಕ್ಕ.

"ನಿನ್ನ ಹೆಣ್ಮಕ್ಕಳು ಎಲ್ಲೂ ಓಡಿ ಹೋಗಂಗಿಲ್ಲ. ದೋ ಮಿನಿಟ್ ಕಾ ಕಾಮ್. ನೀ ಚಹಾ ಇಡು."

ಸೆಕ್ಯೂರ್ ಬೂಟ್ ಆನ್ ಆಯಿತು. ಅಲ್ಲಿಗೆ ಬಿಡಬಹುದಿತ್ತು. ಅವನು ಡಿಸ್ಕಿನ ಬೀಗದ ಕೀ ಇಟ್ಟುಕೊಳ್ಳುವ ಆ ಭದ್ರತಾ ಚಿಪ್‌ನ ಪುಟಕ್ಕೂ ಹೋದ. ಅಲ್ಲಿ 'ಕ್ಲಿಯರ್' ಎಂಬ ಆಯ್ಕೆಯಿತ್ತು. ಆ ಮನೆಯಲ್ಲಿ ಕ್ಲಿಯರ್ ಎಂದರೆ ಬಗೆಹರಿಯಿತು ಎಂದರ್ಥ. ಗ್ಯಾಸ್ ಬುಕಿಂಗ್ ಕ್ಲಿಯರ್, ಟ್ರಾಫಿಕ್ ಕ್ಲಿಯರ್, ಗಂಡ ಹೆಂಡಿರ ಜಗಳವೂ ಕ್ಲಿಯರ್.

"ಭಾವ, ಇಲ್ಲಿ ಕ್ಲಿಯರ್ ಅಂದ್ರ ಅಳಿಸೂದು. ಕೆಳಗ ಬರದೈತಿ ನೋಡ್ರಿ, ಕೀ ಇಲ್ಲಂದ್ರ ಡಿಸ್ಕ್ ತೆರಿಯಂಗಿಲ್ಲಂತ," ಎಂದೆ, ಪತ್ರಿಕೆಯಲ್ಲಿ ಕರಡು ತಿದ್ದುವ ನಾನು.

"ಏನ್ರೀ ಪೇಪರ್‌ನವರ, ಮನ್ಯಾಗೂ ಪ್ರೂಫ್ ನೋಡ್ತೀರೇನು? ಕ್ಲಿಯರ್ ಅಂದ್ರ ಕ್ಲಿಯರ್."

ಒತ್ತಿದ. ಯಂತ್ರ ಮತ್ತೆ ಎದ್ದಾಗ ನೀಲಿ ಪರದೆ ಕೀ ಕೇಳಿತು. ಡಿಸ್ಕಿಗೆ ಬೀಗ ಹಾಕಿದ್ದ ಯಂತ್ರ, ಬೀಗ ತೆಗೆಯುವ ಗುರುತನ್ನು ಈಗಷ್ಟೇ ಅಳಿಸಿಕೊಂಡಿತ್ತು. ಬದಲಿ ಕೀ ಇರುವುದು ಕಂಪ್ಯೂಟರನ್ನು ಮೊದಲು ಯಾರ ಖಾತೆಯಿಂದ ತೆರೆದಿದ್ದರೋ ಆ ಖಾತೆಯಲ್ಲಿ.

"ಯಾರ ಹೆಸರಲೆ ತಗದಿದ್ರಿ?" ಅಕ್ಕ ಕೇಳಿದಳು.

ಭಾವ ಗಡ್ಡ ಕೆರೆದುಕೊಂಡ. ಗೋಡೆಯಾಚೆ ಅಡಗಿದ ಶತ್ರುವನ್ನು ತೋರಿಸುವ ಕಳ್ಳ ಸಾಫ್ಟ್‌ವೇರ್ ಹಾಕಿ ಇವನು ಒಮ್ಮೆ ಅದೇ ಆಟದಿಂದ ಹೊರದಬ್ಬಿಸಿಕೊಂಡಿದ್ದ. ಮತ್ತೆ ಒಳಗೆ ನುಸುಳಲು ಇಲ್ಲದ ಹೆಸರೊಂದರಲ್ಲಿ ಖಾತೆ ಹುಟ್ಟಿಸಿ, ಹೊಸ ಕಂಪ್ಯೂಟರನ್ನೂ ಅದರಲ್ಲೇ ತೆರೆದಿದ್ದ. ಪಾಸ್‌ವರ್ಡ್ ಮರೆತಿದ್ದ. ಅದಕ್ಕೆ ಕೊಟ್ಟಿದ್ದ ಸಿಮ್ಮನ್ನು ಎಸೆದಿದ್ದ. ಅಕ್ಕನ ಕೆಲಸದ ಕೀ ಹುಟ್ಟಿಯೇ ಇಲ್ಲದ ಮನುಷ್ಯನ ಕೈಯಲ್ಲಿತ್ತು.

"ಹಂಗಾರ ಅಂವನ್ನ ಚಹಾಕ್ಕ ಕರೀರಿ," ಎಂದಳು ಅಕ್ಕ.

ಭಾವ ನಗಲು ನೋಡಿದ. ಅವಳು ನಗಲಿಲ್ಲ.

ನೆನಪಾದ ಪಾಸ್‌ವರ್ಡುಗಳೆಲ್ಲ ಸೋತ ಮೇಲೆ ಅಕ್ಕನ ರೆಕಾರ್ಡಿಂಗ್‌ಗಳ ಸಮೇತ ಡಿಸ್ಕನ್ನು ಪೂರ್ತಿ ಅಳಿಸಿ ಯಂತ್ರವನ್ನು ಹೊಸದಾಗಿ ಅಣಿಗೊಳಿಸಿದ. ಸಂಜೆಗೆ ಆಟ ತೆರೆಯಿತು. ಎಲ್ಲ ಪರೀಕ್ಷೆ ಮುಗಿಸಿ ಅದು ಇವನನ್ನು ಪ್ರಾಮಾಣಿಕನೆಂದು ಒಳಗೆ ಬಿಟ್ಟಿತು.

"ನೋಡು, ಎಲ್ಲಾ ಕ್ಲಿಯರ್," ಎಂದ.

ಅಕ್ಕ ತನ್ನ ಫೋನಿನ ರೆಕಾರ್ಡರ್ ಆನ್ ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು.

"ಇನ್ನೊಮ್ಮೆ ಅನ್ರಿ. ನನ್ನ ಸಂಶೋಧನಾಕ್ಕ ಈಗ ಉಳದಿದ್ದು ನಿಮ್ಮ ಮಾತಷ್ಟ."

ಅವನು ಹೆಡ್‌ಫೋನಿನ ಒಂದು ಕಿವಿ ಸರಿಸಿ, ಪರದೆಯಿಂದ ಕಣ್ಣು ತೆಗೆಯದೆ, ಇನ್ನೊಮ್ಮೆ ಅಂದ.